ಹಲವು ವರ್ಷಗಳಿಂದ ಸರಿಯಾಗಿ ಓಡುತ್ತಿರುವ ಡ್ರೈವರನ್ನು ಕರ್ನಲ್‌ನವರು ಏಕೆ ಒಪ್ಪುತ್ತಿಲ್ಲ?

ಅರೆವಾಹಕ (ಚರ್ಚೆ ಆರಂಭಿಸಿದವರು)

ಗಾಳಿಯ ಒತ್ತಡ ಮತ್ತು ತಾಪಮಾನವನ್ನು ಅಳೆಯುವ ಒಂದು ಸಣ್ಣ ಚಿಪ್‌ಗೆ ನಾನೇ ಲಿನಕ್ಸ್ ಡ್ರೈವರ್ (ಚಿಪ್ಪನ್ನು ನಡೆಸುವ ಕೋಡು) ಬರೆದುಕೊಂಡಿದ್ದೇನೆ. ಐ2ಸಿ ಬಸ್ಸಿಗೆ (ಚಿಪ್‌ಗಳು ಮಾತನಾಡಿಕೊಳ್ಳುವ ಎರಡು ತಂತಿಯ ಸಾಲಿಗೆ) ಜೋಡಿಸುವ ಚಿಪ್ ಅದು. ನನ್ನ ಬೋರ್ಡುಗಳಲ್ಲಿ ಹಲವು ವರ್ಷಗಳಿಂದ ಓಡುತ್ತಿದೆ, ಅಳತೆಯಲ್ಲಿ ಒಮ್ಮೆಯೂ ತಪ್ಪಿಲ್ಲ. ತೊಂದರೆ ಇರುವುದು ಬೇರೆ ಕಡೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 6.1ರಲ್ಲಿ ಐ2ಸಿ ಡ್ರೈವರ್‌ಗಳ ರಿಮೂವ್ ಫಂಕ್ಷನ್ (ಡಿವೈಸನ್ನು ಬಿಡುವಾಗ ಓಡುವುದು) ಏನನ್ನೂ ಹಿಂದಿರುಗಿಸಬಾರದು ಎಂದಾಯಿತು, 6.3ರಲ್ಲಿ ಪ್ರೋಬ್ ಫಂಕ್ಷನ್ನಿನ (ಡಿವೈಸ್ ಸಿಕ್ಕಾಗ ಓಡುವುದು) ಎರಡನೆಯ ಆರ್ಗ್ಯುಮೆಂಟ್ ಹೋಯಿತು, 6.4ರಲ್ಲಿ ಕ್ಲಾಸ್ ಕ್ರಿಯೇಟ್ ಫಂಕ್ಷನ್ನಿನ ರೂಪವೂ ಬದಲಾಯಿತು. 2022ರ ಡಿಸೆಂಬರ್‌ನಿಂದ 2023ರ ಜೂನ್‌ವರೆಗಿನ ಏಳು ತಿಂಗಳಲ್ಲಿ ಮೂರು ಬಾರಿ ನನ್ನ ಮಾಡ್ಯೂಲ್ (ಕರ್ನಲ್‌ಗೆ ಹೊರಗಿನಿಂದ ಸೇರಿಸುವ ಡ್ರೈವರ್) ಕಂಪೈಲ್ ಆಗದೆ ನಿಂತಿತು. ಇದನ್ನು ಮೂಲ ಕರ್ನಲ್‌ಗೇ ಸೇರಿಸಿಬಿಟ್ಟರೆ ಈ ಪಾಡು ತಪ್ಪೀತು ಎಂದುಕೊಂಡು ಸುಮಾರು 1,100 ಸಾಲುಗಳ ಒಂದೇ ಪ್ಯಾಚನ್ನು (ಕೋಡಿನ ಬದಲಾವಣೆಯನ್ನು) ಕಳುಹಿಸಿದೆ.

ಬಂದ ಉತ್ತರಗಳು ಮೂರು. ಮೊದಲನೆಯವರು, ಇದಕ್ಕೆ ಸ್ವಂತ ಕ್ಯಾರೆಕ್ಟರ್ ಡಿವೈಸ್ (ಪ್ರೋಗ್ರಾಮ್‌ಗಳು ತೆರೆಯುವ ಡಿವೈಸ್ ಕಡತ) ಮತ್ತು ಐಆಕ್ಟಲ್ (ಅದಕ್ಕೆ ಕೊಡುವ ವಿಶೇಷ ಆದೇಶ) ಬೇಡ, ಸೆನ್ಸರ್‌ಗಳಿಗೆಂದೇ ಇರುವ ಐಐಓ ಸಬ್‌ಸಿಸ್ಟಮ್ ಬಳಸಿ ಮತ್ತೆ ಬರೆಯಿರಿ ಎಂದರು. ಎರಡನೆಯವರು, ಡಿವೈಸ್ ಟ್ರೀ ಬೈಂಡಿಂಗ್ ಎಲ್ಲಿದೆ ಎಂದು ಕೇಳಿದರು. ಮೂರನೆಯದು ಇಂಟೆಲ್ ನಡೆಸುವ ಟೆಸ್ಟ್ ರೋಬಾಟ್ ಕಳುಹಿಸಿದ ಸಂದೇಶ. ಯಾವುದೋ ಟೈಪಿನ ಬಗ್ಗೆ ಸ್ಪಾರ್ಸ್ ಎಂಬ ಕೋಡು ತಪಾಸಣಾ ಸಾಧನದ ಎಚ್ಚರಿಕೆ. ಡ್ರೈವರ್ ಕೆಲಸ ಮಾಡುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ನಾನು ಎಡವಿದ್ದು ಎಲ್ಲಿ?

ಹಳೆಯತಂತಿ

ಅವರು ಅದನ್ನು ಕೇಳದಿರುವುದಕ್ಕೆ ಕಾರಣವಿದೆ. ಪರಿಶೀಲಿಸುವವರ ಬಳಿ ನಿಮ್ಮ ಚಿಪ್ ಇಲ್ಲ, ಬಹುಶಃ ಎಂದೂ ಇರುವುದಿಲ್ಲ. ಆದ್ದರಿಂದ ಅದು ಓಡುತ್ತದೆ ಎಂಬ ನಿಮ್ಮ ಮಾತನ್ನು ನಂಬಿಕೊಂಡೇ ಅವರು ಓದಲು ಕೂರುತ್ತಾರೆ. ಓದುವಾಗ ಅವರ ಮನಸ್ಸಿನಲ್ಲಿರುವುದು, ನಾಳೆ ನೀವು ಕೆಲಸ ಬದಲಾಯಿಸಿ ಈ ಕಡೆ ತಲೆ ಹಾಕದೇ ಹೋದರೆ, ಚಿಪ್ಪನ್ನು ಕಣ್ಣಾರೆ ಕಾಣದ ಇನ್ನೊಬ್ಬರು ಈ ಕೋಡನ್ನು ಧೈರ್ಯವಾಗಿ ಮುಟ್ಟಬಹುದೇ ಎಂಬ ಪ್ರಶ್ನೆ. ನೀವು ಹೇಳಿದ 6.3ರ ಬದಲಾವಣೆಯನ್ನೇ ನೋಡಿ. ಪ್ರೋಬ್ ಫಂಕ್ಷನ್ನಿನ ರೂಪವನ್ನು ಬದಲಾಯಿಸಿದವರೇ ಕರ್ನಲ್ ಮರದೊಳಗಿನ (ಮೂಲ ಕೋಡಿನ ಭಂಡಾರದೊಳಗಿನ) ನೂರಾರು ಐ2ಸಿ ಡ್ರೈವರ್‌ಗಳನ್ನೂ ತಾವೇ ಕೂತು ತಿದ್ದಿದರು. ಆ ಡ್ರೈವರ್ ಬರೆದವರಲ್ಲಿ ಹಲವರಿಗೆ ಅದು ಗೊತ್ತೂ ಆಗಿರಲಿಕ್ಕಿಲ್ಲ. ನಿಮಗೆ ಬೇಕಾಗಿರುವುದು ಇದೇ ಸೌಲಭ್ಯ. ಬೇರೆಯವರು ಹೊರಬೇಕಾದ ಹೊರೆ ಹೊರುವಂತಿರಲಿ ಎಂದು ಅವರು ಕೇಳುವುದರಲ್ಲಿ ನನಗೆ ಅನ್ಯಾಯವೇನೂ ಕಾಣುವುದಿಲ್ಲ.

ಇನ್ನು ಐಆಕ್ಟಲ್ ವಿಚಾರ. ಕರ್ನಲ್‌ನ ಒಳಗಿನ ಫಂಕ್ಷನ್‌ಗಳು ಯಾವಾಗ ಬೇಕಾದರೂ ಬದಲಾಗಬಹುದು. ಹೊರಗೆ ಯೂಸರ್‌ಸ್ಪೇಸಿಗೆ (ಕರ್ನಲ್‌ನ ಆಚೆ ಓಡುವ ಪ್ರೋಗ್ರಾಮ್‌ಗಳಿಗೆ) ಒಮ್ಮೆ ತೆರೆದಿಟ್ಟ ಬಾಗಿಲನ್ನು ಮಾತ್ರ, ಅದನ್ನು ಬಳಸುವ ಪ್ರೋಗ್ರಾಮ್ ಒಂದಾದರೂ ಉಳಿದಿರುವವರೆಗೆ ಮುಚ್ಚುವಂತಿಲ್ಲ. ಯೂಸರ್‌ಸ್ಪೇಸನ್ನು ಮುರಿಯಬಾರದು ಎಂಬ ನಿಯಮದಲ್ಲಿ ಲಿನಕ್ಸ್ ಆರಂಭಿಸಿದ ಲೈನಸ್ ಟೊರ್ವಾಲ್ಡ್ಸ್ ಎಷ್ಟು ಕಠಿಣರೆಂಬುದು ಎಲ್ಲರಿಗೂ ಗೊತ್ತು. ಪ್ರತಿ ಸೆನ್ಸರ್‌ಗೂ ಒಂದೊಂದು ಹೊಸ ಐಆಕ್ಟಲ್ ಒಪ್ಪಿಕೊಂಡಿದ್ದರೆ ಇಂದು ಸಾವಿರಾರು ಬಾಗಿಲುಗಳನ್ನು ಕಾಯಬೇಕಿತ್ತು. ಐಐಓ ಇರುವುದೇ ಅದಕ್ಕಾಗಿ: ಯಾವ ಕಂಪನಿಯ ಒತ್ತಡದ ಸೆನ್ಸರ್ ಆದರೂ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಡಿವೈಸ್‌ಗಳನ್ನು ಕಡತಗಳಾಗಿ ತೋರಿಸುವ ಜಾಗದಲ್ಲಿ) ಅದೇ ಹೆಸರಿನ ಕಡತಗಳು, ಅದೇ ಏಕಮಾನ. ಕಚ್ಚಾ ಸಂಖ್ಯೆಗೆ ಆಫ್‌ಸೆಟ್ ಕೂಡಿಸಿ ಸ್ಕೇಲ್‌ನಿಂದ ಗುಣಿಸಿದರೆ ಒತ್ತಡ ಕಿಲೋಪ್ಯಾಸ್ಕಲ್‌ನಲ್ಲಿಯೂ ತಾಪಮಾನ ಮಿಲಿ ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಬರಬೇಕು. ನಿಮ್ಮ ಡ್ರೈವರ್ ಯಾವುದರಲ್ಲಿ ಕೊಡುತ್ತಿದೆ?

ಸ್ಪಾರ್ಸ್ ಎಚ್ಚರಿಕೆ ಬಹುಶಃ ಹೀಗಿರಬೇಕು. ಚಿಪ್ ದೊಡ್ಡ ಬೈಟನ್ನು ಮೊದಲು ಕಳುಹಿಸುತ್ತದೆ, ನೀವು ಅದನ್ನು ಸಾಮಾನ್ಯ 16 ಬಿಟ್ ಸಂಖ್ಯೆ ಎಂದು ಘೋಷಿಸಿ ಆಮೇಲೆ ತಿರುಗಿಸಿದ್ದೀರಿ. ಹೀಗೆ ದೊಡ್ಡ ಬೈಟ್ ಮೊದಲು ಬರುವ ಬಿಗ್-ಎಂಡಿಯನ್ ಸಂಖ್ಯೆಗೆ ಪ್ರತ್ಯೇಕ ಟೈಪ್ ಇದೆ, ಅದನ್ನು ಬಳಸಿದರೆ ಎಚ್ಚರಿಕೆ ಹೋಗುತ್ತದೆ.

ಅರೆವಾಹಕ

ನಾನು ಒತ್ತಡವನ್ನು ಪ್ಯಾಸ್ಕಲ್‌ನಲ್ಲಿಯೂ ತಾಪಮಾನವನ್ನು ಡಿಗ್ರಿಯ ನೂರನೇ ಒಂದು ಭಾಗದಲ್ಲಿಯೂ ಕೊಡುತ್ತಿದ್ದೆ. ಅದಕ್ಕೆ ಕಾರಣವೇನೂ ಇರಲಿಲ್ಲ, ಚಿಪ್ಪಿನ ಡೇಟಾಶೀಟ್‌ನಲ್ಲಿ ಹಾಗೆ ಇತ್ತು. ಎಂಡಿಯನ್ ಬಗ್ಗೆ ನೀವು ಹೇಳಿದ್ದು ನಿಜ.

ಸೊನ್ನೆಒಂದು

ಸ್ವಲ್ಪ ಭಿನ್ನ ಅಭಿಪ್ರಾಯ ಹೇಳಬಯಸುತ್ತೇನೆ. ನಾನು ಕೆಲಸ ಮಾಡುವ ಕಡೆ ಹತ್ತಾರು ಡ್ರೈವರ್‌ಗಳನ್ನು ಮರದ ಹೊರಗೇ ಇಟ್ಟುಕೊಂಡಿದ್ದೇವೆ. ಡಿಕೆಎಂಎಸ್ ಇದೆ, ಕರ್ನಲ್ ಬದಲಾದಾಗ ಮಾಡ್ಯೂಲ್ ತಾನೇ ಮರಳಿ ಕಟ್ಟಿಕೊಳ್ಳುತ್ತದೆ, ಕೆಟ್ಟರೆ ನಾವೇ ಅರ್ಧ ದಿನ ಕೂತು ಸರಿಪಡಿಸುತ್ತೇವೆ. ಒಂದು ಸಣ್ಣ ಸೆನ್ಸರ್‌ಗಾಗಿ ತಿಂಗಳುಗಟ್ಟಲೆ ಅಪರಿಚಿತರ ಬಾಯಿಗೆ ಬೀಳುವುದು ಯಾವ ಉತ್ಪನ್ನದ ಗಡುವಿಗೂ ಹೊಂದುವುದಿಲ್ಲ. ಅದಲ್ಲದೆ ನಮ್ಮ ಕೋಡು ಒಂದೇ, ಅದು ಮೂರು ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಓಡುತ್ತದೆ. ನಡುವೆ ತೆಳ್ಳಗಿನ ಒಂದು ಪದರವಿಟ್ಟು, ಲಿನಕ್ಸ್ ಆದರೆ ಲಿನಕ್ಸ್ ಫಂಕ್ಷನ್, ಇಲ್ಲವಾದರೆ ಇನ್ನೊಂದು ಎಂದು ಬರೆದಿದ್ದೇವೆ. ಆ ಪದರವನ್ನು ತೆಗೆಯಿರಿ ಎಂದು ಕರ್ನಲ್‌ನವರು ಕೇಳಿದಾಗ ನಾವು ವಾಪಸು ಬಂದೆವು. ಮೂರು ಪ್ರತಿಗಳನ್ನು ಸಾಕುವ ಖರ್ಚು ಯಾರದು?

ಹಳೆಯತಂತಿ

ಖರ್ಚು ನಿಮ್ಮದೇ, ಅದನ್ನು ಒಪ್ಪುತ್ತೇನೆ. ಉತ್ಪನ್ನದ ಆಯಸ್ಸು ಎರಡು ವರ್ಷ, ಕರ್ನಲ್ ಒಂದೇ ಆವೃತ್ತಿಯಲ್ಲಿ ನಿಂತಿರುತ್ತದೆ ಎಂದಾದರೆ ಹೊರಗಿಡುವುದೇ ಜಾಣತನ ಎಂದು ನಾನೂ ಹೇಳುತ್ತೇನೆ.

ಪದರದ ವಿಷಯದಲ್ಲಿ ಮಾತ್ರ ಎಷ್ಟು ದೊಡ್ಡವರಿಗೂ ರಿಯಾಯಿತಿ ಸಿಕ್ಕಿಲ್ಲ. ಎಎಂಡಿ ಕಂಪನಿ ತನ್ನ ಗ್ರಾಫಿಕ್ಸ್ ಚಿಪ್‌ಗಳ ಡಿಸ್‌ಪ್ಲೇ ಕೋಡನ್ನು 2016ರ ಆರಂಭದಲ್ಲಿ ಅಭಿಪ್ರಾಯಕ್ಕಾಗಿ ಮುಂದಿಟ್ಟಿತು. ಬೇರೆ ಆಪರೇಟಿಂಗ್ ಸಿಸ್ಟಮ್‌ಗಳೊಂದಿಗೆ ಹಂಚಿಕೊಂಡ ಕೋಡು ಅದು, ನೀವು ಹೇಳಿದಂತಹದೇ ಪದರ ನಡುವೆ ಇತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗ್ರಾಫಿಕ್ಸ್ ಸಬ್‌ಸಿಸ್ಟಮ್‌ನ ಮೇಂಟೇನರ್ (ಉಸ್ತುವಾರಿ ನೋಡಿಕೊಳ್ಳುವವರು) ಡೇವ್ ಏರ್ಲೀ ಅದನ್ನು ಸ್ಪಷ್ಟವಾಗಿ ನಿರಾಕರಿಸಿದರು. ಮರುದಿನ ಸಬ್‌ಸಿಸ್ಟಮ್‌ನಲ್ಲಿ ಏನನ್ನಾದರೂ ಬದಲಾಯಿಸಲು ಹೊರಟವರಿಗೆ ಆ ಪದರದ ಆಚೆ ಏನು ನಡೆಯುತ್ತಿದೆ ಎಂಬುದು ತಿಳಿಯುವುದಿಲ್ಲ, ಒಬ್ಬ ಮಾರಾಟಗಾರನ ಪದರಕ್ಕಾಗಿ ಉಳಿದೆಲ್ಲರ ಕೆಲಸ ಕಟ್ಟಿಹೋಗುತ್ತದೆ ಎಂಬುದು ಅಲ್ಲಿದ್ದ ವಾದದ ತಿರುಳು. ಕಂಪನಿಯವರು ಹಿಂದೆ ಸರಿಯಲಿಲ್ಲ. ಒಂದು ವರ್ಷ ಕೂತು ಅದನ್ನು ಕರ್ನಲ್‌ನ ರೀತಿಗೆ ಬಗ್ಗಿಸಿದರು, 2018ರ ಜನವರಿಯಲ್ಲಿ ಬಿಡುಗಡೆಯಾದ 4.15ರಲ್ಲಿ ಅದು ಸೇರಿತು. ಲಕ್ಷಕ್ಕೂ ಮೀರಿದ ಸಾಲುಗಳ ಕೋಡಿಗೆ ಆದದ್ದೇ ನಿಮ್ಮ ಸೆನ್ಸರ್‌ಗೂ ಆಗುತ್ತದೆ, ಗಾತ್ರ ಮಾತ್ರ ಬೇರೆ.

ಮರದಬೇರು

ಬೈಂಡಿಂಗ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಡಿವೈಸ್ ಟ್ರೀ ಎಂದರೆ ಬೋರ್ಡಿನ ಮೇಲೆ ಯಾವ ಚಿಪ್ ಎಲ್ಲಿ, ಯಾವ ವಿಳಾಸದಲ್ಲಿ, ಯಾವ ವಿದ್ಯುತ್ ಮೂಲಕ್ಕೆ ಕಟ್ಟಿಕೊಂಡು ಕೂತಿದೆ ಎಂಬ ವಿವರಣೆ. ನಿಮ್ಮ ಚಿಪ್ಪನ್ನು ಆ ವಿವರಣೆಯಲ್ಲಿ ಹೇಗೆ ಬರೆಯಬೇಕು ಎಂಬ ನಿಯಮವೇ ಬೈಂಡಿಂಗ್. ಅದನ್ನು ವೈಎಎಂಎಲ್ ಕಡತವಾಗಿ ಬರೆದು, ಪ್ರತ್ಯೇಕ ಪ್ಯಾಚ್ ಮಾಡಿ, ಡ್ರೈವರ್ ಪ್ಯಾಚಿಗಿಂತ ಮೊದಲು ಇಡಬೇಕು. ಕಳುಹಿಸುವ ಮೊದಲು ಡಿಟಿ ಬೈಂಡಿಂಗ್ ಚೆಕ್ ಎಂಬ ಮೇಕ್ ಗುರಿಯನ್ನು ಓಡಿಸಿ ನೋಡಿ. ಅಲ್ಲಿ ಸಿಗುವ ತಪ್ಪುಗಳನ್ನು ಮೇಂಟೇನರ್ ಬಾಯಲ್ಲಿ ಕೇಳುವುದು ಮುಜುಗರದ ಸಂಗತಿ.

ಹೊಸಬರು ಜಾರುವುದು ಇಲ್ಲಿ: ಬೈಂಡಿಂಗ್ ಹಾರ್ಡ್‌ವೇರನ್ನು ವಿವರಿಸಬೇಕು, ಡ್ರೈವರನ್ನಲ್ಲ. ಎಷ್ಟು ಮಿಲಿಸೆಕೆಂಡಿಗೊಮ್ಮೆ ಓದಬೇಕು ಎಂಬುದು ಬೋರ್ಡಿನ ಗುಣವಲ್ಲ, ಬಳಸುವವರ ಇಚ್ಛೆ. ಅದನ್ನು ಅಲ್ಲಿ ಬರೆದರೆ ತೆಗೆಯಲು ಹೇಳುತ್ತಾರೆ. ವಿದ್ಯುತ್ ಪೂರೈಕೆ ಮಾತ್ರ ನಿಮ್ಮ ಬೋರ್ಡಿನಲ್ಲಿ ಸದಾ ಚಾಲೂ ಇದ್ದರೂ ಬರೆಯಬೇಕು, ಏಕೆಂದರೆ ಚಿಪ್ಪಿಗೆ ಆ ಪಿನ್ ಇದೆ. ಈ ಕಡತಗಳನ್ನು ಲಿನಕ್ಸ್ ಅಲ್ಲದೆ ಯು-ಬೂಟ್ ಎಂಬ ಬೂಟ್‌ಲೋಡರ್, ಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್‌ಗಳು ಮೊದಲಾದವೂ ಬಳಸುತ್ತವೆ, ಆದ್ದರಿಂದಲೇ ಹೊಸ ಬೈಂಡಿಂಗ್‌ಗಳಿಗೆ ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಜೊತೆಗೆ ಬಿಎಸ್‌ಡಿ ಪರವಾನಗಿಯನ್ನೂ ಕೊಡಲು ಹೇಳುತ್ತಾರೆ.

ಇನ್ನೊಂದು ಸೂಕ್ಷ್ಮ. ಪ್ರೋಬ್‌ನಲ್ಲಿ ಚಿಪ್ಪಿನ ಗುರುತಿನ ಸಂಖ್ಯೆ ಓದಿ, ಅದು ನಿರೀಕ್ಷಿಸಿದ್ದಲ್ಲದಿದ್ದರೆ ದೋಷ ಹಿಂದಿರುಗಿಸುತ್ತಿದ್ದೀರಾ? ಹಾಗಿದ್ದರೆ ಅದನ್ನು ಬಿಡಿ, ಒಂದು ಸಾಲಿನ ಸಂದೇಶ ಬರೆದು ಮುಂದುವರಿಯಿರಿ. ನಾಳೆ ಅದೇ ಕಂಪನಿ ಪೂರ್ತಿ ಹೊಂದಿಕೊಳ್ಳುವ ಹೊಸ ಚಿಪ್ ತಂದರೆ, ಡಿವೈಸ್ ಟ್ರೀಯಲ್ಲಿ ಹಳೆಯ ಹೆಸರನ್ನೂ ಜೊತೆಗೆ ಬರೆದರೆ ಸಾಕು, ಹಳೆಯ ಕರ್ನಲ್ಲೇ ಅದನ್ನು ಓಡಿಸುತ್ತದೆ.

ಕಿರುಬೆರಳು

ಕಳುಹಿಸುವ ವಿಧಾನದ ಬಗ್ಗೆ ಎರಡು ಮಾತು. ಎಚ್‌ಟಿಎಂಎಲ್ ಇಮೇಲ್ ಬೇಡ, ಅಟ್ಯಾಚ್‌ಮೆಂಟ್ ಬೇಡ, ಪ್ಯಾಚ್ ಕಳುಹಿಸುವ ಸಾಧನಗಳಾದ ಗಿಟ್ ಸೆಂಡ್-ಇಮೇಲ್ ಅಥವಾ ಬಿ4 ಬಳಸಿ. ಯಾರಿಗೆ ಕಳುಹಿಸಬೇಕೆಂದು ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ. ಪರಿಶೀಲನೆಯ ಮಾತಿಗೆ ಉತ್ತರಿಸುವಾಗ ಅವರ ಸಾಲಿನ ಕೆಳಗೇ ಬರೆಯಿರಿ, ಮೇಲೆ ಅಲ್ಲ. ಹೊಸ ಆವೃತ್ತಿಯಲ್ಲಿ ಏನು ಬದಲಾಯಿತು ಎಂಬುದು ಮೂರು ಅಡ್ಡಗೆರೆಗಳ ಕೆಳಗಿರಲಿ. ಅದು ಗಿಟ್ ಇತಿಹಾಸಕ್ಕೆ ಹೋಗುವುದಿಲ್ಲ, ಓದುವವರಿಗೆ ಮಾತ್ರ ಕಾಣುತ್ತದೆ.

ಸೊನ್ನೆಒಂದು

ಸೈನ್ಡ್-ಆಫ್-ಬೈ ಸಾಲನ್ನು ಮರೆಯಬೇಡಿ. ಲಿನಕ್ಸ್ ಕೋಡಿನ ಹಕ್ಕಿನ ಬಗ್ಗೆ ಎಸ್‌ಸಿಓ ಕಂಪನಿ ಹೂಡಿದ ಮೊಕದ್ದಮೆಯ ಬಿಸಿಯಲ್ಲಿ 2004ರಲ್ಲಿ ಬಂದ ಪದ್ಧತಿ ಅದು. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂದು ನೀವು ಕೊಡುವ ಹೇಳಿಕೆ ಅದು, ಅಲಂಕಾರವಲ್ಲ. ಅನಾಮಧೇಯ ಕೊಡುಗೆಗೆ ಅವಕಾಶವಿಲ್ಲ. ಕಂಪನಿಯ ಕೆಲಸದ ಅವಧಿಯಲ್ಲಿ ಬರೆದದ್ದಾದರೆ ಮೊದಲು ಕಂಪನಿಯ ಲಿಖಿತ ಒಪ್ಪಿಗೆ ಪಡೆಯಿರಿ. ಇದು ನಾನು ಅನುಭವದಿಂದ ಹೇಳುತ್ತಿರುವ ಮಾತು, ವಿವರ ಬೇಡ.

ಅರೆವಾಹಕ

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ಐಐಓಗೆ ಬದಲಾಯಿಸಿದ ಮೇಲೆ ಡ್ರೈವರ್ 1,100 ಸಾಲಿನಿಂದ 390ಕ್ಕೆ ಇಳಿಯಿತು. ನಾನೇ ಬರೆದುಕೊಂಡಿದ್ದ ಓದುವ, ಬರೆಯುವ, ಬೀಗ ಹಾಕುವ ಫಂಕ್ಷನ್‌ಗಳ ಬಹುಪಾಲನ್ನು ಕರ್ನಲ್‌ನಲ್ಲೇ ಇರುವ ರೆಗ್‌ಮ್ಯಾಪ್ ನುಂಗಿಹಾಕಿತು. ಅಷ್ಟು ಕೋಡನ್ನು ಅಳಿಸುವಾಗ ಹೊಟ್ಟೆಯುರಿದದ್ದು ನಿಜ.

ಎರಡನೆಯ ಆವೃತ್ತಿಗೆ ಬಂದ ಟೀಕೆಗಳಲ್ಲಿ ಹೆಚ್ಚಿನವು ಸಣ್ಣವು. ಒಂದು ಮಾತ್ರ ಅರ್ಥವಾಗಲಿಲ್ಲ. ಪ್ರೋಬ್‌ನಲ್ಲಿ ಐಐಓ ಡಿವೈಸನ್ನು ಡೆವ್‌ಎಂ ರೂಪದ (ತಾನೇ ಬಿಡುಗಡೆಯಾಗುವ) ಫಂಕ್ಷನ್ನಿನಿಂದ ನೋಂದಾಯಿಸಿದ್ದೇನೆ, ರಿಮೂವ್ ಫಂಕ್ಷನ್ನಿನಲ್ಲಿ ಚಿಪ್ಪನ್ನು ನಿದ್ರೆಗೆ ಕಳುಹಿಸಿ ರೆಗ್ಯುಲೇಟರ್ (ಅದರ ವಿದ್ಯುತ್ ಪೂರೈಕೆ) ಆರಿಸುತ್ತೇನೆ. "ಇಲ್ಲಿ ರೇಸ್ ಇದೆ, ಎರಡನ್ನು ಬೆರೆಸಬೇಡಿ" ಎಂದಷ್ಟೇ ಬರೆದಿದ್ದಾರೆ (ರೇಸ್ ಎಂದರೆ ಒಂದೇ ಹೊತ್ತಿಗೆ ನಡೆಯುವ ಎರಡು ಕೆಲಸಗಳ ಡಿಕ್ಕಿ). ನೂರಾರು ಬಾರಿ ಮಾಡ್ಯೂಲ್ ತೆಗೆದು ಹಾಕಿದ್ದೇನೆ, ಏನೂ ಆಗಿಲ್ಲ.

ಹಳೆಯತಂತಿ

ಇದು ಬಹಳ ಒಳ್ಳೆಯ ಟೀಕೆ. ನನ್ನ ಮೊದಲ ಡ್ರೈವರ್‌ನಲ್ಲಿಯೂ ಇದೇ ತಪ್ಪಿತ್ತು. ಡೆವ್‌ಎಂ ಮೂಲಕ ಪಡೆದದ್ದೆಲ್ಲ, ಪಡೆದ ಕ್ರಮಕ್ಕೆ ತಿರುಗಾಮುರುಗಾ ತಾನೇ ಬಿಡುಗಡೆಯಾಗುತ್ತದೆ ಎಂಬುದು ನಿಮಗೆ ಗೊತ್ತು. ಆದರೆ ಆ ಬಿಡುಗಡೆ ನಡೆಯುವುದು ನಿಮ್ಮ ರಿಮೂವ್ ಫಂಕ್ಷನ್ ಮುಗಿದ ಮೇಲೆ. ಅಂದರೆ ನೀವು ರೆಗ್ಯುಲೇಟರ್ ಆರಿಸಿದ ಕ್ಷಣದಲ್ಲಿ ಐಐಓ ಡಿವೈಸ್ ಇನ್ನೂ ಜೀವಂತವಾಗಿದೆ, ಸಿಸ್‌ಎಫ್‌ಎಸ್ ಕಡತಗಳು ಇನ್ನೂ ತೆರೆದಿವೆ, ಯಾವುದೋ ಪ್ರೋಗ್ರಾಮ್ ಅದೇ ಹೊತ್ತಿಗೆ ಒತ್ತಡವನ್ನು ಓದಲು ಬಂದರೆ ನಿಮ್ಮ ಡ್ರೈವರ್ ಕರೆಂಟು ಇಲ್ಲದ ಚಿಪ್ಪಿನೊಂದಿಗೆ ಮಾತನಾಡಲು ಹೊರಡುತ್ತದೆ. ಒಬ್ಬರೇ ಕೂತು ಮಾಡ್ಯೂಲ್ ತೆಗೆದು ಹಾಕಿದರೆ ಇದು ಸಿಗುವುದಿಲ್ಲ. ಒಂದು ಟರ್ಮಿನಲ್‌ನಲ್ಲಿ ಬಿಡದೆ ಓದುತ್ತ ಇನ್ನೊಂದರಲ್ಲಿ ಡಿವೈಸನ್ನು ಡ್ರೈವರ್‌ನಿಂದ ಬೇರ್ಪಡಿಸುತ್ತ, ಮತ್ತೆ ಕಟ್ಟುತ್ತ ಹೋಗಿ, ಬೇಗ ಕಂಡೀತು.

ಪರಿಹಾರ ಸುಲಭ. ರಿಮೂವ್ ಫಂಕ್ಷನ್ನನ್ನೇ ತೆಗೆದುಹಾಕಿ. ರೆಗ್ಯುಲೇಟರ್ ಹಚ್ಚಿದ ಮರುಸಾಲಿನಲ್ಲೇ, ಅದನ್ನು ಆರಿಸುವ ಸಣ್ಣ ಫಂಕ್ಷನ್ನನ್ನು ಡೆವ್‌ಎಂ ಆ್ಯಡ್ ಆ್ಯಕ್ಷನ್ ಆರ್ ರಿಸೆಟ್ ಮೂಲಕ ಸೇರಿಸಿ. ನಿದ್ರೆಗೆ ಕಳುಹಿಸುವುದನ್ನೂ ಹಾಗೆಯೇ, ಚಿಪ್ಪನ್ನು ಎಬ್ಬಿಸಿದ ಮರುಸಾಲಿನಲ್ಲಿ. ಐಐಓ ನೋಂದಣಿ ಪ್ರೋಬ್‌ನ ಕೊನೆಯ ಸಾಲಾಗಿರಲಿ. ಆಗ ಬಿಡುಗಡೆಯಲ್ಲಿ ಅದೇ ಮೊದಲು ಹೋಗುತ್ತದೆ, ಬಾಗಿಲು ಮುಚ್ಚಿದ ಮೇಲೆಯೇ ದೀಪ ಆರುತ್ತದೆ.

ಅರೆವಾಹಕ

ನೀವು ಹೇಳಿದಂತೆ ಎರಡು ಟರ್ಮಿನಲ್ ತೆರೆದು ಪ್ರಯತ್ನಿಸಿದೆ. ಹನ್ನೊಂದನೆಯ ಸುತ್ತಿನಲ್ಲಿ ಓದುವಿಕೆ ದೋಷ ಕೊಟ್ಟಿತು. ಇಷ್ಟು ವರ್ಷ ಇದು ನನ್ನ ಬೋರ್ಡುಗಳಲ್ಲಿ ಸುಮ್ಮನೆ ಕೂತಿತ್ತು ಎಂದರೆ ನಂಬಲಾಗುತ್ತಿಲ್ಲ. ಮೂರನೆಯ ಆವೃತ್ತಿ ಕಳುಹಿಸಿದ್ದೇನೆ.

ಅರೆವಾಹಕ

ಮೂರು ವಾರವಾಯಿತು, ಒಂದು ಉತ್ತರವೂ ಇಲ್ಲ. ತಿರಸ್ಕರಿಸಿದ್ದಾರೆಂದು ತಿಳಿಯಬೇಕೇ?

ಗಿಟ್ಟುಗಾರ

ಇಲ್ಲ. ನೀವು ಕಳುಹಿಸಿದ ದಿನಾಂಕ ನೋಡಿ, ಮರ್ಜ್ ವಿಂಡೋ (ಹೊಸ ಬದಲಾವಣೆಗಳನ್ನು ಮುಖ್ಯ ಮರಕ್ಕೆ ಸೇರಿಸುವ ಅವಧಿ) ತೆರೆದ ಮರುದಿನ. ಪ್ರತಿ ಬಿಡುಗಡೆಯ ನಂತರದ ಎರಡು ವಾರ ಮೇಂಟೇನರ್‌ಗಳು ತಾವು ಮೊದಲೇ ಕೂಡಿಸಿಟ್ಟದ್ದನ್ನು ಮೇಲಕ್ಕೆ ದಾಟಿಸುವುದರಲ್ಲಿ ಇರುತ್ತಾರೆ. ಆಗ ಬಂದ ಹೊಸ ಡ್ರೈವರ್‌ಗಳು ರಾಶಿಯ ತಳಕ್ಕೆ ಹೋಗುತ್ತವೆ. ಮೊದಲ ಆರ್‌ಸಿ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಬಂದ ಮೇಲೆ ಓದಲು ಶುರು ಮಾಡುತ್ತಾರೆ. ಆಮೇಲೆ ವಾರಕ್ಕೊಂದು ಆರ್‌ಸಿ, ಸಾಮಾನ್ಯವಾಗಿ ಏಳನೆಯದರವರೆಗೆ, ಕೆಲವೊಮ್ಮೆ ಎಂಟು. ಒಟ್ಟು ಸುತ್ತು ಒಂಬತ್ತು ಹತ್ತು ವಾರ. ಆರನೆಯ ಆರ್‌ಸಿ ದಾಟಿದ ಮೇಲೆ ಹೊಸ ಡ್ರೈವರ್ ಒಪ್ಪಿದರೂ ಅದು ಬಹುಮಟ್ಟಿಗೆ ಅದರ ಮುಂದಿನ ಸುತ್ತಿಗೆ, ಏಕೆಂದರೆ ಅದು ಲಿನಕ್ಸ್-ನೆಕ್ಸ್ಟ್ ಮರದಲ್ಲಿ ಕೆಲವು ದಿನ ಕೂತು ಬೇರೆಯವರ ಬದಲಾವಣೆಗಳ ಜೊತೆ ಕಂಪೈಲ್ ಆಗುವುದನ್ನು ನೋಡಬೇಕು.

ಮೊದಲ ಆರ್‌ಸಿ ಬಂದು ಒಂದು ವಾರ ಕಳೆದ ಮೇಲೂ ಸದ್ದಿಲ್ಲದಿದ್ದರೆ ಅದೇ ಪ್ಯಾಚಿಗೆ ವಿನಯದ ಒಂದು ಸಾಲು ಬರೆಯಿರಿ. ಕಾಯುವ ಹೊತ್ತಿನಲ್ಲಿ ಅದೇ ಸಬ್‌ಸಿಸ್ಟಮ್‌ಗೆ ಬಂದ ಇನ್ನೊಬ್ಬರ ಪ್ಯಾಚನ್ನು ಓದಿ ಪರಿಶೀಲಿಸಿದರೆ ಇನ್ನೂ ಒಳ್ಳೆಯದು. ಮೇಂಟೇನರ್‌ಗಳು ಕೆಲವರೇ, ಸರದಿಯಲ್ಲಿ ನಿಂತವರು ಬಹಳ.

ಸೊನ್ನೆಒಂದು

ಇಷ್ಟು ಕಾಯುವ ಬದಲು ಸ್ಟೇಜಿಂಗ್ ಡೈರೆಕ್ಟರಿಗೆ ಹಾಕಬಹುದಲ್ಲವೇ? ಅದು ಇರುವುದೇ ಅರೆಬೆಂದ ಡ್ರೈವರ್‌ಗಳಿಗೆ ಎಂದು ಕೇಳಿದ್ದೇನೆ.

ಹಳೆಯತಂತಿ

2008ರಲ್ಲಿ ಕರ್ನಲ್ ಡೆವಲಪರ್ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಅದನ್ನು ಆರಂಭಿಸಿದ್ದು ಅದಕ್ಕೇ. ಮೈಕ್ರೋಸಾಫ್ಟ್ 2009ರ ಜುಲೈನಲ್ಲಿ ತನ್ನ ವರ್ಚುವಲ್ ಯಂತ್ರ ವ್ಯವಸ್ಥೆಯಾದ ಹೈಪರ್-ವಿಯ ಡ್ರೈವರ್‌ಗಳ ಸುಮಾರು 20,000 ಸಾಲುಗಳನ್ನು ಕೊಟ್ಟಾಗ ಅವು ಹೋದದ್ದೂ ಅಲ್ಲಿಗೇ, ಹೊರಬರಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಲ್ಲಿಟ್ಟು ಮರೆತರೆ ತೆಗೆದೂ ಹಾಕುತ್ತಾರೆ. ಆಂಡ್ರಾಯ್ಡ್‌ನ ಡ್ರೈವರ್‌ಗಳೇ ನೋಡಿಕೊಳ್ಳುವವರಿಲ್ಲದೆ ಒಮ್ಮೆ ಅಲ್ಲಿಂದ ಹೊರಬಿದ್ದು, 2012ರಲ್ಲಿ ಬಂದ 3.3ರಲ್ಲಿ ಮರಳಿ ಬಂದವು. 390 ಸಾಲಿನ ಡ್ರೈವರ್‌ಗೆ ಆ ಸುತ್ತುದಾರಿ ಬೇಡ.

ಅರೆವಾಹಕ

ಆರನೆಯ ಆವೃತ್ತಿಯನ್ನು ಸಬ್‌ಸಿಸ್ಟಮ್‌ನ ಮರಕ್ಕೆ ತೆಗೆದುಕೊಂಡಿದ್ದಾರೆ. ನಾಲ್ಕು ಮತ್ತು ಐದರಲ್ಲಿ ಬಂದದ್ದು ಖಾಲಿ ಸಾಲು, ಹೆಡರ್‌ಗಳ ಅಕ್ಷರ ಕ್ರಮ, ಒಂದು ಕಡೆ ದೋಷ ವರದಿಗೆ ಡೆವ್ ಎರ್ ಪ್ರೋಬ್ ಬಳಸಿರಿ ಎಂಬಂತಹ ಮಾತುಗಳು. ಮೇಂಟೇನರ್ಸ್ ಕಡತದಲ್ಲಿ ನನ್ನ ಹೆಸರು ಬರೆಯಲು ಹೇಳಿದರು, ಬರೆದೆ. ಮೊದಲ ಪ್ಯಾಚಿನಿಂದ ಇಲ್ಲಿಯವರೆಗೆ ಐದು ತಿಂಗಳು ಹಿಡಿಯಿತು.

ಒಂದು ಪ್ರಶ್ನೆ ಉಳಿದಿದೆ. ನನ್ನ ಬೋರ್ಡುಗಳಲ್ಲಿ ಇರುವುದು ದೀರ್ಘಾವಧಿ ಬೆಂಬಲದ ಹಳೆಯ ಕರ್ನಲ್. ಡ್ರೈವರನ್ನು ಅದಕ್ಕೂ ಸೇರಿಸಲು ಸ್ಟೇಬಲ್ ಮರದವರನ್ನು (ಬಿಡುಗಡೆಯಾದ ಕರ್ನಲ್‌ಗಳನ್ನು ನೋಡಿಕೊಳ್ಳುವವರನ್ನು) ಕೇಳಬಹುದೇ?

ಹಳೆಯತಂತಿ

ಕೇಳಬಹುದು, ಕೊಡುವುದಿಲ್ಲ. ಸ್ಟೇಬಲ್ ಮರಕ್ಕೆ ಹೋಗುವುದು ಮುಖ್ಯ ಮರದಲ್ಲಿ ಆಗಲೇ ಇರುವ ದೋಷಪರಿಹಾರಗಳು, ಅದೂ ಸುತ್ತಲಿನ ಸಾಲುಗಳೂ ಸೇರಿ ನೂರು ಸಾಲು ಮೀರದಂತಹವು. ಇದ್ದ ಡ್ರೈವರ್‌ಗೆ ಹೊಸ ಡಿವೈಸ್ ಐಡಿ ಸೇರಿಸುವುದಾದರೆ ಒಪ್ಪುತ್ತಾರೆ, ಪೂರ್ತಿ ಹೊಸ ಡ್ರೈವರ್ ಒಪ್ಪುವುದಿಲ್ಲ. ಹಳೆಯ ಬೋರ್ಡುಗಳಿಗೆ ನಿಮ್ಮ ಹೊರಗಿನ ಮಾಡ್ಯೂಲನ್ನೇ ಇನ್ನೂ ಕೆಲವು ಕಾಲ ಓಡಿಸಬೇಕಾಗುತ್ತದೆ. ಅದರಲ್ಲಿಯೂ ಆ ರೆಗ್ಯುಲೇಟರ್ ಆರಿಸುವ ಕ್ರಮವನ್ನು ಇವತ್ತೇ ಸರಿಪಡಿಸಿಬಿಡಿ.

ಅರೆವಾಹಕ

ಸರಿಪಡಿಸಿದೆ. ಹಳೆಯದರಲ್ಲಿ ನೋಂದಣಿ ಡೆವ್‌ಎಂ ಅಲ್ಲ, ಸ್ವಂತ ಕ್ಯಾರೆಕ್ಟರ್ ಡಿವೈಸ್. ಆದರೂ ಅಲ್ಲಿಯೂ ರೆಗ್ಯುಲೇಟರನ್ನು ಮೊದಲು ಆರಿಸಿ ಡಿವೈಸನ್ನು ಆಮೇಲೆ ತೆಗೆಯುತ್ತಿದ್ದೆ. ಎರಡು ಸಾಲುಗಳನ್ನು ಅದಲುಬದಲು ಮಾಡಿ, ಡಿವೈಸ್ ತೆಗೆಯುವ ಹೊತ್ತಿಗೆ ಕಡತ ತೆರೆದಿಟ್ಟುಕೊಂಡವರಿಗಾಗಿ ಒಂದು ಬೀಗವನ್ನೂ ಸೇರಿಸಬೇಕಾಯಿತು.